ಮೂಲಸ್ವರವನ್ನು ಬಿಟ್ಟ ಎಡಗೈ: ಜಾಝ್ ಪಿಯಾನೊ ಚರಿತ್ರೆಯ ಒಂದು ಎಳೆ

ತಂಬೂರಿಯ ಶ್ರುತಿಯಲ್ಲಿ ಪಳಗಿದ ಕಿವಿಗೆ ಜಾಝ್ ಪಿಯಾನೊ ಮೊದಲ ಸಲ ಬಿದ್ದಾಗ ಆಗುವ ತೊಡಕು ಲಯದ್ದಲ್ಲ, ವೇಗದ್ದೂ ಅಲ್ಲ. ಅದು ನೆಲೆಯ ತೊಡಕು. ನಮ್ಮ ಸಂಗೀತದಲ್ಲಿ ಆಧಾರ ಷಡ್ಜ ವರ್ಣದಿಂದ ಮಂಗಳದವರೆಗೆ ಕದಲುವುದಿಲ್ಲ. ರಾಗ ಬದಲಾಗಬಹುದು, ತಾಳ ಬದಲಾಗಬಹುದು, ಗಾಯಕನ ಮನೋಧರ್ಮ ಎಲ್ಲಿಗೆ ಬೇಕಾದರೂ ಹೋಗಬಹುದು. ಮರಳಿ ಬಂದಾಗ ಷಡ್ಜ ಇದ್ದಲ್ಲೇ ಇರುತ್ತದೆ. ಜಾಝ್‌ನಲ್ಲಾದರೋ ಕಾಲಡಿಯ ನೆಲ ಎರಡು ಅಥವಾ ನಾಲ್ಕು ಮಾತ್ರೆಗೊಮ್ಮೆ ಸರಿಯುತ್ತಿರುತ್ತದೆ. ಅದೂ ಸಾಲದೆಂಬಂತೆ, 1950ರ ದಶಕದಿಂದೀಚೆಗೆ ಬಂದ ಪಿಯಾನೊ ವಾದಕರಲ್ಲಿ ಅನೇಕರು ಆ ನೆಲದ ಸ್ವರವನ್ನು ತಮ್ಮ ಕೈಯಿಂದ ನುಡಿಸುವುದನ್ನೇ ಬಿಟ್ಟರು. ಆ ಬಿಡುವಿಕೆ ಹೇಗೆ ನಡೆಯಿತು, ಅದಕ್ಕೆ ಯಾರು ಯಾರು ಕಾರಣರಾದರು, ಅದರ ಬೆಲೆಯೇನು ಎಂಬುದೇ ಈ ಲೇಖನದ ವಿಷಯ.

ಮೊದಲು ಕೆಲವು ಪರಿಭಾಷೆಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಏಕಕಾಲಕ್ಕೆ ನುಡಿಯುವ ಮೂರು, ನಾಲ್ಕು ಅಥವಾ ಹೆಚ್ಚು ಸ್ವರಗಳ ಗುಚ್ಛವೇ ಕಾರ್ಡ್. ಒಂದು ಸ್ವರವನ್ನು ಮೂಲವಾಗಿಟ್ಟುಕೊಂಡು, ಅಲ್ಲಿಂದ ಒಂದೊಂದು ಸ್ವರ ಬಿಟ್ಟು ಮೂರನೆಯದು, ಐದನೆಯದು, ಏಳನೆಯದು ಎಂದು ಪೇರಿಸಿದರೆ ಕಾರ್ಡ್ ಸಿದ್ಧವಾಗುತ್ತದೆ. ಇಂಥ ಗುಚ್ಛಗಳು ಒಂದರ ಹಿಂದೊಂದು ಬರುವ ಕ್ರಮವನ್ನು ಪ್ರೋಗ್ರೆಷನ್ ಎನ್ನುತ್ತಾರೆ. ನಾವು ಅದನ್ನು ‘ನಡೆ’ ಎಂದು ಕರೆಯೋಣ. ಒಂದೇ ಗುಚ್ಛದ ಸ್ವರಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು, ಯಾವುದು ಕೆಳಗೆ, ಯಾವುದು ಮೇಲೆ ಎಂಬ ಆಯ್ಕೆಯೇ ವಾಯ್ಸಿಂಗ್. ಅದಕ್ಕೆ ‘ವಿನ್ಯಾಸ’ ಎಂಬ ಮಾತು ಸಲ್ಲುತ್ತದೆ. ನಡೆ ಎಲ್ಲರಿಗೂ ಸಮಾನ. ವಿನ್ಯಾಸ ವಾದಕನ ಸ್ವಂತದ್ದು. ಈ ಎರಡರ ನಡುವಿನ ಅಂತರವನ್ನು ನೆನಪಿನಲ್ಲಿಟ್ಟರೆ ಮುಂದಿನದೆಲ್ಲ ಸುಲಭ.

ಜಾಝ್‌ನ ಅತ್ಯಂತ ಬಳಕೆಯ ನಡೆ ‘ಎರಡು–ಐದು–ಒಂದು’. ಇದನ್ನು ಶಂಕರಾಭರಣದ ಸ್ವರಗಳಲ್ಲೇ ವಿವರಿಸಬಹುದು. ಪಿಯಾನೊದ ‘ಸಿ’ ಕೀಲಿಯನ್ನು ಷಡ್ಜವೆಂದು ಇಟ್ಟುಕೊಂಡರೆ ಎರಡನೆಯ ಸ್ವರದ ಮೇಲಿನ ಗುಚ್ಛ ರಿ–ಮ–ದ–ಸ, ಐದನೆಯದರ ಮೇಲಿನದು ಪ–ನಿ–ರಿ–ಮ, ಒಂದನೆಯದರದು ಸ–ಗ–ಪ–ನಿ. ಮೂರೂ ಗುಚ್ಛಗಳಲ್ಲಿ ಶಂಕರಾಭರಣದ ಆಚೆಗಿನ ಒಂದು ಸ್ವರವೂ ಇಲ್ಲ. ಈಗ ಪ್ರತಿ ಗುಚ್ಛದಿಂದ ಮೂರನೆಯ ಮತ್ತು ಏಳನೆಯ ಸ್ವರಗಳನ್ನು ಮಾತ್ರ ಆರಿಸಿ ನೋಡಿ. ಮೊದಲನೆಯದರಲ್ಲಿ ಮ ಮತ್ತು ಸ. ಎರಡನೆಯದರಲ್ಲಿ ಮ ಮತ್ತು ನಿ. ಮೂರನೆಯದರಲ್ಲಿ ಗ ಮತ್ತು ನಿ. ಮೊದಲ ಹೆಜ್ಜೆಯಲ್ಲಿ ಮಧ್ಯಮ ನಿಂತೇ ಇದೆ, ಷಡ್ಜ ಮಾತ್ರ ಅರ್ಧ ಸ್ವರ ಇಳಿದು ನಿಷಾದವಾಗಿದೆ. ಎರಡನೆಯ ಹೆಜ್ಜೆಯಲ್ಲಿ ನಿಷಾದ ನಿಂತಿದೆ, ಮಧ್ಯಮ ಅರ್ಧ ಸ್ವರ ಇಳಿದು ಗಾಂಧಾರವಾಗಿದೆ. ಕೆಳಗೆ ಮೂಲಸ್ವರಗಳು ರಿ, ಪ, ಸ ಎಂದು ದೂರ ದೂರ ನೆಗೆಯುತ್ತಿದ್ದರೂ ಒಳಗಿನ ಎರಡು ದನಿಗಳು ಹೊಸ್ತಿಲು ದಾಟುವಷ್ಟು ಮಾತ್ರ ಚಲಿಸುತ್ತವೆ. ಗುಚ್ಛದ ಬಣ್ಣವನ್ನು, ಅದು ಮೇಜರೋ ಮೈನರೋ ಎಂಬುದನ್ನು, ಮುಂದೆ ಹೋಗಬೇಕೆಂಬ ತವಕವನ್ನು ಹೇಳುವುದು ಈ ಎರಡೇ. ಹೀಗಾಗಿ ಇವುಗಳಿಗೆ ‘ದಾರಿ ತೋರುವ ಸ್ವರಗಳು’ ಎಂಬರ್ಥದ ಹೆಸರಿದೆ. ಮೂಲಸ್ವರವನ್ನು ಬಿಟ್ಟರೂ ಅರ್ಥ ಕೆಡುವುದಿಲ್ಲವೆಂಬ ತಿಳಿವಳಿಕೆಯ ಬೀಜ ಇಲ್ಲಿದೆ. ಆದರೆ ಆ ತಿಳಿವಳಿಕೆ ಕೈಗೆ ಇಳಿಯಲು ಸುಮಾರು ಅರ್ಧ ಶತಮಾನ ಬೇಕಾಯಿತು.

ಮೂಲಸ್ವರಗಳ ನೆಗೆತವೂ ನಮಗೆ ತೀರ ಅಪರಿಚಿತವಲ್ಲ. ರಿ ಯಿಂದ ಪ ಗೆ, ಪ ದಿಂದ ಸ ಗೆ ಹೋಗುವುದೆಂದರೆ ಪ್ರತಿ ಸಲ ಷಡ್ಜ–ಪಂಚಮದ ಅಂತರವನ್ನು ಇಳಿಯುವುದು. ಒಂಬತ್ತು ಅಥವಾ ಹದಿಮೂರು ಶ್ರುತಿಗಳ ಅಂತರದಲ್ಲಿರುವ ಸ್ವರಗಳನ್ನು ನಾಟ್ಯಶಾಸ್ತ್ರ ಸಂವಾದಿಗಳೆಂದು ಕರೆದಿದೆ. ಆ ಸಂವಾದಿತ್ವವನ್ನೇ ಪಾಶ್ಚಾತ್ಯರು ಚಲನೆಯ ಇಂಧನವಾಗಿ ಬಳಸಿಕೊಂಡರು. ನಮ್ಮಲ್ಲಿ ಅದು ರಾಗದೊಳಗಿನ ಸ್ನೇಹ. ಅವರಲ್ಲಿ ಅದು ಪ್ರಯಾಣದ ಮಾರ್ಗ. ಶಾಸ್ತ್ರ ಒಂದೇ, ವಿನಿಯೋಗ ಬೇರೆ.

ಚರಿತ್ರೆಯ ಆರಂಭದಲ್ಲಿ ಎಡಗೈಗೆ ಏನನ್ನೂ ಬಿಡುವ ಸ್ವಾತಂತ್ರ್ಯವಿರಲಿಲ್ಲ. ನ್ಯೂ ಆರ್ಲಿಯನ್ಸ್‌ನ ಸ್ಟೋರಿವಿಲ್ ಎಂಬ ವೇಶ್ಯಾವಾಟಿಕೆಯ ಬಡಾವಣೆ 1917ರಲ್ಲಿ ಮುಚ್ಚುವವರೆಗೂ ಅಲ್ಲಿನ ಮನೆಗಳಲ್ಲಿ ಪಿಯಾನೊ ವಾದಕ ಸಾಮಾನ್ಯವಾಗಿ ಒಂಟಿ. ಬೇಸ್ ಇಲ್ಲ, ಡ್ರಮ್ ಇಲ್ಲ. ಇಡೀ ವಾದ್ಯವೃಂದದ ಕೆಲಸ ಅವನ ಎರಡು ಕೈಗಳದ್ದು. ಜೆಲ್ಲಿ ರೋಲ್ ಮಾರ್ಟನ್ ಬೆಳೆದದ್ದು ಅಲ್ಲಿ. ಜಾಝ್ ಅನ್ನು ತಾನೇ 1902ರಲ್ಲಿ ಹುಟ್ಟಿಸಿದೆನೆಂದು ಅವನು ಮುಂದೆ ಹೇಳಿಕೊಂಡದ್ದನ್ನು ಯಾರೂ ಪೂರ್ತಿಯಾಗಿ ಒಪ್ಪಲಿಲ್ಲ. ಆದರೆ 1938ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಅಲನ್ ಲೋಮ್ಯಾಕ್ಸ್ ಅವನನ್ನು ಪಿಯಾನೊ ಮುಂದೆ ಕೂರಿಸಿ ಮಾತು ಮತ್ತು ವಾದನ ಎರಡನ್ನೂ ಧ್ವನಿಮುದ್ರಿಸಿಕೊಂಡದ್ದರಿಂದ ಆ ಕಾಲದ ಎಡಗೈ ಹೇಗೆ ನಡೆಯುತ್ತಿತ್ತು ಎಂಬುದು ನಮಗೆ ದಕ್ಕಿದೆ.

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಈ ಶೈಲಿ ‘ಸ್ಟ್ರೈಡ್’ ಎಂಬ ಹೆಸರು ಪಡೆಯಿತು. ನಾಲ್ಕು ಮಾತ್ರೆಯ ಆವರ್ತದಲ್ಲಿ ಒಂದನೆಯ ಮತ್ತು ಮೂರನೆಯ ಮಾತ್ರೆಗೆ ಮಂದ್ರದ ಮೂಲಸ್ವರ. ಎರಡಕ್ಕೂ ನಾಲ್ಕಕ್ಕೂ ಮಧ್ಯಸ್ಥಾಯಿಯ ಗುಚ್ಛ. ಎಡಗೈ ಹೀಗೆ ಕಾಲು ಬೀಸಿ ನಡೆಯುವವನಂತೆ ಅತ್ತಿಂದಿತ್ತ ಜಿಗಿಯುತ್ತಿರಬೇಕು. ಮನೆ ಬಾಡಿಗೆಗೆ ಹಣ ಹೊಂದಿಸಲು ಹಾರ್ಲೆಮ್‌ನ ಬಡ ಕುಟುಂಬಗಳು ತಮ್ಮ ಮನೆಗಳಲ್ಲೇ ಕೂಟ ಏರ್ಪಡಿಸಿ, ಬಂದವರಿಂದ ಪ್ರವೇಶಧನ ಪಡೆಯುತ್ತಿದ್ದವು. ಆ ಬಾಡಿಗೆ ಕೂಟಗಳಲ್ಲಿ ರಾತ್ರಿಯಿಡೀ ನುಡಿಸಿ, ಪರಸ್ಪರ ಪೈಪೋಟಿ ನಡೆಸಿ ಬೆಳೆದವರು ಜೇಮ್ಸ್ ಪಿ. ಜಾನ್ಸನ್, ಫ್ಯಾಟ್ಸ್ ವಾಲರ್ ಮೊದಲಾದವರು. ಜಾನ್ಸನ್ನನ ‘ಕೆರೊಲಿನಾ ಶೌಟ್’ ಆ ಕಾಲದ ಪರೀಕ್ಷಾಪತ್ರಿಕೆಯಾಗಿತ್ತು. ತರುಣ ಡ್ಯೂಕ್ ಎಲಿಂಗ್ಟನ್ ಅದನ್ನು ಕಲಿತದ್ದು ತಾನೇ ನುಡಿಯುವ ಯಂತ್ರಪಿಯಾನೊದಲ್ಲಿ ಅದರ ರಂಧ್ರಕಾಗದದ ಸುರುಳಿಯನ್ನು ನಿಧಾನಗೊಳಿಸಿ, ಇಳಿಯುವ ಕೀಲಿಗಳ ಮೇಲೆ ಬೆರಳಿಟ್ಟು. ಏಕಲವ್ಯನ ಕಲಿಕೆ ಎನ್ನಬಹುದು. ಹೆಬ್ಬೆರಳು ಮಾತ್ರ ಉಳಿಯಿತು.

ಆ ದಿನಗಳ ಸಾಮಾನ್ಯ ನಡೆಗಳು ಎರಡು. ಒಂದು, ಹನ್ನೆರಡು ಆವರ್ತಗಳ ಬ್ಲೂಸ್. ಅದರ ಮೂಲಸ್ವರಗಳು ಸ, ಮ, ಪ ಮಾತ್ರ: ನಾಲ್ಕು ಆವರ್ತ ಸ, ಎರಡು ಆವರ್ತ ಮ, ಮರಳಿ ಎರಡು ಸ, ಬಳಿಕ ಒಂದು ಪ, ಒಂದು ಮ, ಕೊನೆಗೆ ಎರಡು ಸ. ಇಷ್ಟು ಸರಳವಾದ ಚೌಕಟ್ಟಿನ ಮೇಲೆ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ತೂಗುವ ಹಾಡಿನ ದನಿ. ಆ ನಡುವಿನ ಸ್ವರವನ್ನು ಪಿಯಾನೊ ನುಡಿಸಲಾರದು, ಕಾರಣ ಅದರ ಕೀಲಿಗಳಿಗೆ ಗಮಕವಿಲ್ಲ. ಎರಡೂ ಗಾಂಧಾರಗಳನ್ನು ಒಟ್ಟಿಗೆ ಒತ್ತಿ, ಅಥವಾ ಒಂದರಿಂದ ಇನ್ನೊಂದಕ್ಕೆ ಬೆರಳು ಜಾರಿಸಿ ವಾದಕರು ಆ ಕೊರತೆಯನ್ನು ತುಂಬಿಕೊಂಡರು. ಜಾಝ್ ಪಿಯಾನೊದ ಒಗರು ರುಚಿಯ ಬಹುಭಾಗ ಈ ಕೊರತೆಯ ಫಲ.

ಎರಡನೆಯ ನಡೆಗೆ ಒಂದು ಹಾಡು ಮೂಲ. ಜಾರ್ಜ್ ಗರ್ಶ್‌ವಿನ್ 1930ರಲ್ಲಿ ‘ಗರ್ಲ್ ಕ್ರೇಜಿ’ ಎಂಬ ರಂಗನಾಟಕಕ್ಕಾಗಿ ‘ಐ ಗಾಟ್ ರಿದಮ್’ ರಚಿಸಿದ. ಅದರ ಮೊದಲ ಭಾಗದ ಮೂಲಸ್ವರಗಳು ಸ–ದ–ರಿ–ಪ ಎಂದು ಸುತ್ತುತ್ತವೆ. ನಡುವಣ ಭಾಗದಲ್ಲಿ ಗ, ದ, ರಿ, ಪ ಎಂದು ಎರಡೆರಡು ಆವರ್ತಗಳಿಗೊಮ್ಮೆ ಸಂವಾದಿಯಿಂದ ಸಂವಾದಿಗೆ ಇಳಿದು ಷಡ್ಜಕ್ಕೆ ಮರಳುತ್ತವೆ. ಈ ಚೌಕಟ್ಟು ಎಷ್ಟು ಅನುಕೂಲವಾಗಿತ್ತೆಂದರೆ ಮುಂದಿನ ಮೂರು ದಶಕಗಳಲ್ಲಿ ಇದರ ಮೇಲೆ ಹೊಸ ಹೊಸ ರಾಗರೇಖೆ ಹೆಣೆದವರಿಗೆ ಲೆಕ್ಕವಿಲ್ಲ. ಎಲಿಂಗ್ಟನ್ನನ ‘ಕಾಟನ್ ಟೇಲ್’, ಚಾರ್ಲಿ ಪಾರ್ಕರ್ ಮತ್ತು ಡಿಝಿ ಗಿಲೆಸ್ಪಿಯರ ‘ಆಂತ್ರೊಪಾಲಜಿ’, ಥೆಲೋನಿಯಸ್ ಮಂಕ್‌ನ ‘ರಿದಮ್-ಅ-ನಿಂಗ್’ ಎಲ್ಲವೂ ಈ ಒಂದೇ ನೆಲಗಟ್ಟಿನ ಮೇಲಿನ ಮನೆಗಳು.

ಇದು ಕಳ್ಳತನವಲ್ಲವೇ ಎಂದು ಕೇಳುವವರಿಗೆ ನಮ್ಮ ಕಾವ್ಯಪರಂಪರೆಯೇ ಉತ್ತರ ಕೊಡುತ್ತದೆ. ಭಾಮಿನಿ ಷಟ್ಪದಿ ಕುಮಾರವ್ಯಾಸನ ಸ್ವತ್ತೇ? ವಾರ್ಧಕ ಷಟ್ಪದಿಯನ್ನು ಲಕ್ಷ್ಮೀಶ ಯಾರಿಂದಲಾದರೂ ಕ್ರಯಕ್ಕೆ ಪಡೆದನೇ? ಚೌಕಟ್ಟು ಸಮುದಾಯದ್ದು, ತುಂಬಿದ್ದು ಕವಿಯದು. ಅಮೆರಿಕದ ಕೃತಿಸ್ವಾಮ್ಯದ ರೂಢಿಯೂ ಹೆಚ್ಚುಕಡಿಮೆ ಹೀಗೆಯೇ ಭಾವಿಸಿತು: ಹಾಡಿನ ರಾಗರೇಖೆಗೆ, ಸಾಹಿತ್ಯಕ್ಕೆ ಒಡೆತನವುಂಟು, ಬಳಕೆಯ ನಡೆಗೆ ಇಲ್ಲ. ಹಳೆಯ ನಡೆಯ ಮೇಲೆ ಹೊಸ ರಾಗರೇಖೆ ನುಡಿಸಿದರೆ ಮೂಲ ರಚನಕಾರನಿಗೆ ಗೌರವಧನ ಕೊಡಬೇಕಾಗಿರಲಿಲ್ಲವಾದ್ದರಿಂದ ಸಣ್ಣ ಧ್ವನಿಮುದ್ರಣ ಸಂಸ್ಥೆಗಳೂ ಇದನ್ನು ಪ್ರೋತ್ಸಾಹಿಸಿದವು. ಆದರೆ ಈ ವ್ಯವಸ್ಥೆಯಲ್ಲಿ ಒಂದು ಬಿರುಕಿತ್ತು. ಪಿಯಾನೊ ವಾದಕನ ನಿಜವಾದ ಸೃಷ್ಟಿ ರಾಗರೇಖೆಯೂ ಅಲ್ಲ, ನಡೆಯೂ ಅಲ್ಲ, ಅವನ ವಿನ್ಯಾಸ. ಯಾವ ನೋಂದಣಿ ಪುಸ್ತಕದಲ್ಲೂ ಅದಕ್ಕೆ ಅಂಕಣವಿರಲಿಲ್ಲ. ಒಬ್ಬನು ಹತ್ತು ವರ್ಷ ತಪಸ್ಸು ಮಾಡಿ ಕಂಡುಕೊಂಡ ಸ್ವರಜೋಡಣೆ ಮರುದಿನವೇ ಊರಿನ ಸ್ವತ್ತಾಗುತ್ತಿತ್ತು. ಹೀಗಾಗಿ ಈ ಚರಿತ್ರೆಯಲ್ಲಿ ಹೆಸರುಗಳನ್ನು ಎತ್ತಿ ಹೇಳುವುದು ಅಲಂಕಾರಕ್ಕಲ್ಲ. ಬೇರೆ ಯಾವ ದಾಖಲೆಯೂ ಅವರ ಪಾಲನ್ನು ಅವರಿಗೆ ಕೊಟ್ಟಿಲ್ಲ.

ಅಂಥ ಹೆಸರುಗಳಲ್ಲಿ ಮೇರಿ ಲೂ ವಿಲಿಯಮ್ಸ್‌ರದು ಮೊದಲು ಬರಬೇಕು. ಸ್ವತಃ ಸ್ಟ್ರೈಡ್‌ನಿಂದ ಆಧುನಿಕ ಶೈಲಿಯವರೆಗೆ ಎಲ್ಲವನ್ನೂ ಬಲ್ಲ ವಾದಕಿ, ವಾದ್ಯವೃಂದಗಳಿಗೆ ರಚನೆ ಒದಗಿಸಿದ ಸಂಯೋಜಕಿ. 1940ರ ದಶಕದಲ್ಲಿ ಹಾರ್ಲೆಮ್‌ನ ಅವರ ಮನೆಯೇ ಒಂದು ಗುರುಕುಲ. ಕ್ಲಬ್ಬುಗಳು ಮುಚ್ಚಿದ ಬಳಿಕ ಥೆಲೋನಿಯಸ್ ಮಂಕ್, ಬಡ್ ಪವೆಲ್, ಟ್ಯಾಡ್ ಡ್ಯಾಮರನ್ ಮೊದಲಾದ ತರುಣರು ಅಲ್ಲಿ ಸೇರಿ, ಒಬ್ಬರ ವಿನ್ಯಾಸವನ್ನು ಇನ್ನೊಬ್ಬರು ಕೇಳಿ, ತಿದ್ದಿ, ಕಲಿಯುತ್ತಿದ್ದರು. ಪಠ್ಯಪುಸ್ತಕವಿಲ್ಲದ ಶಾಲೆ ಅದು.

ಆ ಹೊತ್ತಿಗೆ ಎಡಗೈಯ ಭಾರ ಇಳಿಯತೊಡಗಿತ್ತು. ಕಾರಣ ಸರಳ: ವೃಂದದಲ್ಲಿ ಬೇಸ್ ವಾದಕ ಬಂದು ನೆಲೆಯಾಗಿದ್ದ. ನಾಲ್ಕು ಮಾತ್ರೆಗೂ ಒಂದೊಂದು ಸ್ವರ ಮೀಟುತ್ತ ಅವನು ಮೂಲಸ್ವರವನ್ನು ಹೊತ್ತುಕೊಂಡ ಮೇಲೆ ಪಿಯಾನೊ ಅದನ್ನೇ ಮತ್ತೆ ಹೇಳಿದರೆ ಪುನರುಕ್ತಿ. ಕೌಂಟ್ ಬೇಸಿ ಈ ಸತ್ಯವನ್ನು ಮೊದಲೇ ಅರಿತು, ಇಡೀ ವೃಂದ ಓಡುತ್ತಿರುವಾಗ ತಾನು ಎರಡೇ ಸ್ವರ ನುಡಿಸಿ ಸುಮ್ಮನಾಗುವ ಕಲೆಯನ್ನು ಬೆಳೆಸಿದ. ಬೆನ್ನಿ ಗುಡ್‌ಮನ್‌ನ ತ್ರಯದಲ್ಲಿ ಟೆಡ್ಡಿ ವಿಲ್ಸನ್ ಸ್ಟ್ರೈಡ್‌ನ ಗದ್ದಲವನ್ನು ಹದಗೊಳಿಸಿ, ಹತ್ತನೆಯ ಸ್ವರದವರೆಗೆ ಚಾಚಿದ ನಯವಾದ ಎಡಗೈಯನ್ನು ರೂಪಿಸಿದ. ಕಪ್ಪು ವಾದಕನೊಬ್ಬ ಬಿಳಿಯರ ಜೊತೆ ಸಾರ್ವಜನಿಕ ವೇದಿಕೆಯಲ್ಲಿ ಕೂರುವುದೇ ಅಂದು ಸಾಹಸವಾಗಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು. ಬಹುಪಾಲು ಅಂಧರಾಗಿದ್ದ ಆರ್ಟ್ ಟೇಟಮ್ ಬೇರೆಯೇ ದಾರಿ ಹಿಡಿದರು: ಏನನ್ನೂ ಬಿಡದೆ, ಇರುವ ನಡೆಯ ಸಂದುಗಳಲ್ಲಿ ಇನ್ನಷ್ಟು ಗುಚ್ಛಗಳನ್ನು ತುರುಕಿ ಪರಿಚಿತ ಹಾಡನ್ನು ಅಪರಿಚಿತ ಪ್ರಪಂಚವಾಗಿಸಿದರು.

ಈ ತುರುಕುವಿಕೆಯ ಒಂದು ಕೀಲಿಕೈ ಗಮನಾರ್ಹ. ಐದನೆಯ ಗುಚ್ಛದ ದಾರಿ ತೋರುವ ಸ್ವರಗಳು ಮ ಮತ್ತು ನಿ. ಇವುಗಳ ನಡುವಿನ ಅಂತರ ಆರು ಅರ್ಧಸ್ವರ, ಅಂದರೆ ಸ್ಥಾಯಿಯ ಸರಿಯಾದ ಅರ್ಧ. ಹಾಗಾಗಿ ಇದೇ ಎರಡು ಸ್ವರಗಳು ಇನ್ನೊಂದು ಗುಚ್ಛಕ್ಕೂ, ಶುದ್ಧ ಋಷಭವನ್ನು ಮೂಲವಾಗುಳ್ಳದ್ದಕ್ಕೂ, ಅದಲುಬದಲಾಗಿ ಮೂರನೆಯದು ಏಳನೆಯದಾಗಿ ಒದಗುತ್ತವೆ. ಆಗ ಪಂಚಮದ ಜಾಗದಲ್ಲಿ ಶುದ್ಧ ಋಷಭವನ್ನು ಇಡಬಹುದು. ಕೆಳಗಿನ ಮೂಲಸ್ವರಗಳು ಚತುಶ್ರುತಿ ಋಷಭ, ಶುದ್ಧ ಋಷಭ, ಷಡ್ಜ ಎಂದು ಮೆಟ್ಟಿಲಿಳಿದಂತೆ ಇಳಿಯುತ್ತವೆ. ಮೇಲಿನ ಅರ್ಥ ಅದೇ, ಕೆಳಗಿನ ನೆಲ ಬೇರೆ. ಮೂಲಸ್ವರವೆಂಬುದು ನಾವು ಅಂದುಕೊಂಡಷ್ಟು ಅನಿವಾರ್ಯವಲ್ಲ ಎಂಬುದಕ್ಕೆ ಇದು ಎರಡನೆಯ ಸಾಕ್ಷಿ.

1940ರ ದಶಕದ ಆರಂಭದಲ್ಲಿ ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್‌ನಲ್ಲಿ ಬೀಬಾಪ್ ರೂಪುಗೊಂಡಾಗ ವೇಗ ಹೆಚ್ಚಿತು. ಸ್ಟ್ರೈಡ್‌ನ ಜಿಗಿತ ಅಸಾಧ್ಯವಾಯಿತು. ಬಡ್ ಪವೆಲ್ ಎಡಗೈಗೆ ಎರಡೇ ಸ್ವರಗಳ ತೊಗಟೆಯನ್ನು ಉಳಿಸಿದ: ಮೂಲಸ್ವರ ಮತ್ತು ಏಳನೆಯದು, ಇಲ್ಲವೇ ಮೂಲಸ್ವರ ಮತ್ತು ಮೂರನೆಯದು. ಅದೂ ಎಡೆಬಿಟ್ಟು, ಚುಟುಕಾಗಿ. ಬಲಗೈ ಸ್ಯಾಕ್ಸೊಫೋನಿನಂತೆ ಉದ್ದುದ್ದ ಸಾಲುಗಳನ್ನು ಹಾಡಿತು. ಇಂದಿಗೂ ಕಲಿಯುವವನ ಎಡಗೈಗೆ ಮೊದಲು ಸಿಗುವುದು ಈ ಎರಡು ಸ್ವರಗಳ ತೊಗಟೆಯೇ. ಆದರೆ ಅದನ್ನು ಕೊಟ್ಟವನಿಗೆ ಬದುಕು ಏನು ಕೊಟ್ಟಿತು? 1945ರಲ್ಲಿ ಫಿಲಡೆಲ್ಫಿಯಾದಲ್ಲಿ ಪೊಲೀಸರು ಇಪ್ಪತ್ತರ ಹರೆಯದ ಪವೆಲ್‌ನ ತಲೆಗೆ ಹೊಡೆದರು. ಆಮೇಲಿನ ವರ್ಷಗಳಲ್ಲಿ ತಲೆನೋವು, ಮಾನಸಿಕ ಆಸ್ಪತ್ರೆಗಳು, ವಿದ್ಯುದಾಘಾತದ ಚಿಕಿತ್ಸೆ; 1966ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ ಸಾವು. ಅವನ ಗೆಳೆಯ ಮಂಕ್ ಗುಚ್ಛದ ಅಕ್ಕಪಕ್ಕದ ಅರ್ಧಸ್ವರಗಳನ್ನು ಒಟ್ಟಿಗೆ ಒತ್ತಿ, ನಡುವೆ ಮೌನಗಳನ್ನಿಟ್ಟು, ಯಾರೂ ಅನುಕರಿಸಲಾಗದ ವಿನ್ಯಾಸ ಕಂಡುಕೊಂಡ. 1951ರಲ್ಲಿ ನ್ಯೂಯಾರ್ಕಿನ ಆಡಳಿತ ಅವನ ಪರವಾನಗಿ ಪತ್ರವನ್ನು ಕಿತ್ತುಕೊಂಡಿತು. ಆ ಪತ್ರವಿಲ್ಲದೆ ಮದ್ಯ ಮಾರುವ ಯಾವ ಕ್ಲಬ್ಬಿನಲ್ಲೂ ನುಡಿಸುವಂತಿರಲಿಲ್ಲ. 1957ರವರೆಗೆ ಸ್ವಂತ ಊರಿನ ಕ್ಲಬ್ಬುಗಳು ಅವನಿಗೆ ಹೆಚ್ಚುಕಡಿಮೆ ಮುಚ್ಚಿದ ಬಾಗಿಲುಗಳಾಗಿದ್ದವು. ಸರಕಾರಿ ಕಚೇರಿಯಲ್ಲಿ ಕೂತು ಪರವಾನಗಿಗಳ ಕಡತ ನೋಡುವ ನನ್ನಂಥವನಿಗೆ ಒಂದು ಕಾಗದದ ತುಂಡಿನ ತೂಕ ಎಷ್ಟೆಂಬುದು ಬೇಗ ಅರ್ಥವಾಗುತ್ತದೆ.

ಇನ್ನೊಂದು ಕವಲು ಎರಡೂ ಕೈಗಳನ್ನು ಬೆಸೆಯಿತು. ಲಯೊನೆಲ್ ಹ್ಯಾಂಪ್ಟನ್ ವೃಂದದ ಮಿಲ್ಟ್ ಬಕ್ನರ್ ರಾಗರೇಖೆಯ ಪ್ರತಿ ಸ್ವರಕ್ಕೂ ಕೆಳಗೆ ಒತ್ತೊತ್ತಾಗಿ ಗುಚ್ಛ ಕಟ್ಟಿ ಎರಡೂ ಕೈಗಳನ್ನು ಒಟ್ಟಿಗೆ ಚಲಿಸುವ ಕ್ರಮ ತಂದ. ಲಂಡನ್ನಿನಲ್ಲಿ ಅಂಧನಾಗಿ ಹುಟ್ಟಿ 1947ರಲ್ಲಿ ಅಮೆರಿಕಕ್ಕೆ ವಲಸೆ ಬಂದ ಜಾರ್ಜ್ ಶಿಯರಿಂಗ್ ಅದನ್ನು ಜನಪ್ರಿಯಗೊಳಿಸಿದ. ಇಂದು ಅದನ್ನು ಶಿಯರಿಂಗ್ ವಿನ್ಯಾಸವೆಂದೇ ಕರೆಯುವವರು ಹೆಚ್ಚು; ಬಕ್ನರ್‌ನ ಹೆಸರು ಅಡಿಟಿಪ್ಪಣಿಗೆ ಸರಿದಿದೆ.

ಮೂಲಸ್ವರವನ್ನು ಪೂರ್ತಿಯಾಗಿ ಬಿಡುವ ಹೆಜ್ಜೆಯನ್ನು 1950ರ ದಶಕದಲ್ಲಿ ಅಹ್ಮದ್ ಜಮಾಲ್, ರೆಡ್ ಗಾರ್ಲಂಡ್ ಮೊದಲಾದವರು ಇಟ್ಟರು. ಬಿಲ್ ಇವಾನ್ಸ್ ಅದನ್ನು ಒಂದು ಪರಿಪೂರ್ಣ ಭಾಷೆಯಾಗಿಸಿದ. ಆ ಭಾಷೆಯಲ್ಲಿ ‘ಎರಡು–ಐದು–ಒಂದು’ ಹೀಗಾಗುತ್ತದೆ: ಮ–ದ–ಸ–ಗ, ಬಳಿಕ ಮ–ದ–ನಿ–ರಿ, ಬಳಿಕ ಗ–ಪ–ನಿ–ರಿ. ಮೊದಲನೆಯದರಲ್ಲಿ ರಿ ಇಲ್ಲ, ಎರಡನೆಯದರಲ್ಲಿ ಪ ಇಲ್ಲ, ಮೂರನೆಯದರಲ್ಲಿ ಸ ಇಲ್ಲ. ಮೂರಕ್ಕೂ ಅವುಗಳ ಹೆಸರಿನ ಸ್ವರವೇ ಇಲ್ಲ! ಅದರ ಬದಲು ಒಂಬತ್ತನೆಯ ಸ್ವರ ಒಳಗೆ ಬಂದಿದೆ. ಕೈ ಕೀಲಿಮಣೆಯ ನಡುಭಾಗದಲ್ಲೇ ನಿಂತು, ಎರಡು ಬೆರಳು ಒಂದು ಮೆಟ್ಟಿಲು ಇಳಿಸಿದರೆ ಮುಂದಿನ ಗುಚ್ಛ, ಇನ್ನೆರಡು ಬೆರಳು ಇಳಿಸಿದರೆ ಅದರ ಮುಂದಿನದು. ಮಂದ್ರದಲ್ಲಿ ಹತ್ತಿರದ ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ದನಿ ಕಲಕಿ ರಾಡಿಯಾಗುತ್ತದೆ; ಮಧ್ಯಸ್ಥಾಯಿಯಲ್ಲಿ ಅದೇ ಸಾಮೀಪ್ಯ ಮಂಜಿನಂತೆ ಮೃದು. ಎಡಗೈ ಮೂಲಸ್ವರದ ಕರ್ತವ್ಯದಿಂದ ಬಿಡುಗಡೆ ಪಡೆದದ್ದರಿಂದಲೇ ಈ ಮಧ್ಯಭೂಮಿ ಅದಕ್ಕೆ ದಕ್ಕಿತು.

ಆದರೆ ಇದು ಒಬ್ಬನ ಸಾಧನೆಯಲ್ಲ. ಮೂಲಸ್ವರವನ್ನು ಪಿಯಾನೊ ಬಿಡಬೇಕಾದರೆ ಇನ್ನೊಬ್ಬರು ಅದನ್ನು ಹೊರಬೇಕು. ಹೊರುತ್ತಾರೆಂಬ ನಂಬಿಕೆ ಇರಬೇಕು. ಇವಾನ್ಸ್‌ಗೆ ಹಾಗೆ ಒದಗಿದವನು ಸ್ಕಾಟ್ ಲಫೇರೊ ಎಂಬ ತರುಣ ಬೇಸ್ ವಾದಕ. ಅವನು ಮೂಲಸ್ವರವನ್ನು ಸುಮ್ಮನೆ ಎಣಿಸುತ್ತ ಹೋಗದೆ, ಒಮ್ಮೆ ಹೇಳಿ ಒಮ್ಮೆ ಸೂಚಿಸಿ, ಪಿಯಾನೊ ಜೊತೆ ಸಂಭಾಷಣೆಗೆ ಇಳಿದ. ಡ್ರಮ್‌ನಲ್ಲಿ ಪಾಲ್ ಮೋಷನ್. ಈ ಮೂವರು 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ನುಡಿಸಿದ್ದರ ಧ್ವನಿಮುದ್ರಣ ಇಂದಿಗೂ ಜಾಝ್ ತ್ರಯಗಳ ಅಳತೆಗೋಲು. ಹಿಂದೆ ಗಾಜಿನ ಲೋಟಗಳ ಸದ್ದು, ಜನರ ಮಾತು ಎಲ್ಲವೂ ಕೇಳಿಸುತ್ತದೆ. ಹನ್ನೊಂದು ದಿನಗಳ ಬಳಿಕ, ಜುಲೈ 6ರಂದು, ಲಫೇರೊ ಕಾರು ಅಪಘಾತದಲ್ಲಿ ತೀರಿಕೊಂಡ. ವಯಸ್ಸು ಇಪ್ಪತ್ತೈದು. ಇವಾನ್ಸ್ ತಿಂಗಳುಗಟ್ಟಲೆ ವೇದಿಕೆಯಿಂದ ದೂರವುಳಿದ. ಮೂಲಸ್ವರವಿಲ್ಲದ ವಿನ್ಯಾಸವೆಂದರೆ ಸ್ವಾತಂತ್ರ್ಯ ಎಂದು ಪುಸ್ತಕಗಳು ಹೇಳುತ್ತವೆ. ಅದು ಅಷ್ಟೇ ಪ್ರಮಾಣದ ಅವಲಂಬನೆಯೂ ಹೌದೆಂಬುದನ್ನು ಆ ತಿಂಗಳುಗಳು ಹೇಳುತ್ತವೆ.

ಇದೇ ಇವಾನ್ಸ್ 1959ರಲ್ಲಿ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಧ್ವನಿಮುದ್ರಣದಲ್ಲಿ ಭಾಗಿಯಾಗಿದ್ದ. ಅಲ್ಲಿನ ‘ಸೋ ವಾಟ್’ ರಚನೆ ಕರ್ನಾಟಕ ಸಂಗೀತದ ಕೇಳುಗರಿಗೆ ತಟ್ಟನೆ ಆಪ್ತವಾಗುತ್ತದೆ. ಅದರಲ್ಲಿ ‘ಎರಡು–ಐದು–ಒಂದು’ ಇಲ್ಲವೇ ಇಲ್ಲ. ಹದಿನಾರು ಆವರ್ತ ಒಂದೇ ಸ್ವರಶ್ರೇಣಿ, ಅದು ನಮ್ಮ ಖರಹರಪ್ರಿಯದ ಸ್ವರಗಳದ್ದು. ಬಳಿಕ ಎಂಟು ಆವರ್ತ ಅದೇ ಶ್ರೇಣಿ, ಶ್ರುತಿಯನ್ನೇ ಅರ್ಧಸ್ವರ ಏರಿಸಿದಂತೆ. ಮತ್ತೆ ಎಂಟು ಆವರ್ತ ಮೊದಲಿನ ಶ್ರುತಿ. ಪಿಯಾನೊ ಅಲ್ಲಿ ಉತ್ತರವಾಗಿ ನುಡಿಸುವ ಗುಚ್ಛದಲ್ಲಿ ಕೆಳಗಿನಿಂದ ಮೂರು ಷಡ್ಜ–ಮಧ್ಯಮದ ಅಂತರಗಳು, ತುದಿಯಲ್ಲಿ ಒಂದು ಷಡ್ಜ–ಅಂತರಗಾಂಧಾರದ ಅಂತರ. ಮೂರನೆಯ ಸ್ವರಗಳ ಪೇರಿಕೆ ಇಲ್ಲಿ ನಾಲ್ಕನೆಯ ಸ್ವರಗಳ ಪೇರಿಕೆಯಾಗಿದೆ. ಈ ಬಗೆಯ ಗುಚ್ಛಕ್ಕೆ ಎಲ್ಲಿಗೂ ಹೋಗುವ ತವಕವಿಲ್ಲ, ನಿಂತಲ್ಲೇ ಅನುರಣಿಸುತ್ತದೆ. ಮುಂದೆ 1960ರಿಂದ ಜಾನ್ ಕೋಲ್ಟ್ರೇನ್‌ನ ಚತುಷ್ಟಯದಲ್ಲಿ ಮೆಕಾಯ್ ಟೈನರ್ ಇದನ್ನೇ ಬೃಹತ್ತಾಗಿ ಬೆಳೆಸಿದ: ಮಂದ್ರದಲ್ಲಿ ಸ–ಪ ಎರಡನ್ನೂ ಗುಡುಗಿನಂತೆ ಹೊಡೆದು, ಅದರ ಮೇಲೆ ಮಧ್ಯಮಾಂತರದ ಗುಚ್ಛಗಳನ್ನು ಅಲೆಅಲೆಯಾಗಿ ಹರಿಸುವುದು. ಸ–ಪ ಎಂದರೆ ತಂಬೂರಿಯಲ್ಲದೆ ಮತ್ತೇನು? ಕೋಲ್ಟ್ರೇನ್ ರವಿಶಂಕರರ ಸಂಗೀತವನ್ನು ಶ್ರದ್ಧೆಯಿಂದ ಆಲಿಸಿದ್ದ, ಮಗನಿಗೆ ರವಿ ಎಂದು ಹೆಸರಿಟ್ಟ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅದೇ ಕೋಲ್ಟ್ರೇನ್ 1959ರಲ್ಲಿ ‘ಜೈಂಟ್ ಸ್ಟೆಪ್ಸ್’ ಧ್ವನಿಮುದ್ರಿಸಿ, ಷಡ್ಜವನ್ನು ಗಾಂಧಾರಾಂತರದಲ್ಲಿ ಮೂರು ಕಡೆಗೆ ಮಿಂಚಿನ ವೇಗದಲ್ಲಿ ಸರಿಸುತ್ತ ಹಳೆಯ ಮಾರ್ಗವನ್ನೂ ಅದರ ತುತ್ತತುದಿಗೆ ಒಯ್ದಿದ್ದ. ಒಂದೇ ದಶಕದ ಅಂಚಿನಲ್ಲಿ ಒಂದು ಕಡೆ ಕದಲದ ಶ್ರುತಿ, ಇನ್ನೊಂದು ಕಡೆ ನಿಲ್ಲದ ಶ್ರುತಿ.

ಈ ವಿದ್ಯೆ ಭಾರತಕ್ಕೆ ಬಂದದ್ದು ಪುಸ್ತಕಗಳಿಂದಲ್ಲ, ಮನುಷ್ಯರಿಂದ. 1920ರ ದಶಕದ ಶಿಕಾಗೊದಲ್ಲಿ ಅರ್ಲ್ ಹೈನ್ಸ್‌ಗೆ ಸಮಸಮನೆಂದು ಎಣಿಸಲ್ಪಟ್ಟಿದ್ದ ಟೆಡ್ಡಿ ವೆದರ್‌ಫರ್ಡ್ 1926ರಲ್ಲಿ ಏಷ್ಯಾದ ಕಡೆಗೆ ಹಡಗು ಹತ್ತಿದ. ಶಾಂಘೈ, ಮುಂಬೈ, ಕೊಲಂಬೊ, ಕೊಲ್ಕತ್ತ ಎಂದು ಸುತ್ತಿದ. ಮುಂಬೈಯ ತಾಜ್ ಹೋಟೆಲಿನಲ್ಲಿ ನುಡಿಸಿದ; ಯುದ್ಧಕಾಲದಲ್ಲಿ ಕೊಲ್ಕತ್ತದ ಗ್ರ್ಯಾಂಡ್ ಹೋಟೆಲಿನಲ್ಲಿ ವೃಂದ ನಡೆಸಿದ; 1945ರ ಏಪ್ರಿಲ್‌ನಲ್ಲಿ ಅಲ್ಲೇ ಕಾಲರಾಕ್ಕೆ ಬಲಿಯಾದ. ತಾಜ್‌ನ ಅದೇ ವೇದಿಕೆಯ ಕಪ್ಪು ಅಮೆರಿಕನ್ನರಿಂದ ಶೈಲಿಯನ್ನು ಹೀರಿಕೊಂಡವರು ಗೋವೆಯ ವಾದಕರು. ಇಗರ್ಜಿಗಳ ಸಂಗೀತಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿಯನ್ನು ಬಾಲ್ಯದಲ್ಲೇ ಕಲಿತಿದ್ದ ಅವರು ಹಗಲು ಸಿನಿಮಾ ಸ್ಟುಡಿಯೊಗಳಲ್ಲಿ, ರಾತ್ರಿ ಹೋಟೆಲುಗಳಲ್ಲಿ ದುಡಿದರು. ಚಿಕ್ ಚಾಕೊಲೇಟ್, ಫ್ರಾಂಕ್ ಫರ್ನಾಂಡ್, ಸೆಬಾಸ್ಟಿಯನ್ ಡಿಸೋಜ, ಆಂಥನಿ ಗೊನ್ಸಾಲ್ವಿಸ್ ಮುಂತಾದವರು ಹಿಂದಿ ಚಿತ್ರಗೀತೆಗಳ ರಾಗರೇಖೆಯ ಕೆಳಗೆ ಗುಚ್ಛಗಳನ್ನು ಕಟ್ಟಿಕೊಟ್ಟರು. ಹಾಡು ಸಂಗೀತ ನಿರ್ದೇಶಕರ ಹೆಸರಿನಲ್ಲಿ ಉಳಿಯಿತು. ವಿನ್ಯಾಸ ಮಾಡಿದವರ ಹೆಸರು ಬಹುಮಟ್ಟಿಗೆ ವಾದ್ಯಗೋಷ್ಠಿಯ ಹಿಂದೆ ಮರೆಯಾಯಿತು. ಅಮೆರಿಕದ ನೋಂದಣಿ ಪುಸ್ತಕದಲ್ಲಿ ಇಲ್ಲದಿದ್ದ ಅಂಕಣ ಮುಂಬೈಯಲ್ಲೂ ಇರಲಿಲ್ಲ. ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಕರಾವಳಿಯ ಹುಡುಗರು ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತದ್ದೂ ಇದೇ ನಗರದ ಅದೇ ದಶಕಗಳಲ್ಲಿ, ಅಲ್ಲೇ ಕೆಲವು ಬೀದಿಗಳ ಆಚೆ. ಊರು ಬಿಟ್ಟು ಬಂದವರ ವಿದ್ಯೆ ಎಲ್ಲ ಕಡೆಯೂ ರಾತ್ರಿಯ ವಿದ್ಯೆ.

ಕನ್ನಡನಾಡಿಗೂ ಈ ಎಳೆ ಒಮ್ಮೆ ಬಂದು ತಾಗಿದೆ. ಮಂಚೂರಿಯದಲ್ಲಿ ಹುಟ್ಟಿ, ಯುದ್ಧಾನಂತರ ಮನೆ ಕಳೆದುಕೊಂಡು ಜಪಾನಿಗೆ ಮರಳಿದ ಕುಟುಂಬದ ತೊಶಿಕೊ ಅಕಿಯೋಶಿ, ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿ ಪವೆಲ್‌ನ ಭಾಷೆಯನ್ನು ಕಲಿತು, 1956ರಲ್ಲಿ ಬಾಸ್ಟನ್ನಿನ ಬರ್ಕ್ಲಿ ಸಂಗೀತಶಾಲೆ ಸೇರಿದ ಪಿಯಾನೊ ವಾದಕಿ. ಕೆಲವು ವರ್ಷ ಆಕೆಯ ಪತಿಯೂ ಸಹವಾದಕನೂ ಆಗಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಮುಂದೆ ಪೂರ್ವದತ್ತ ತಿರುಗಿ ನಾಗಸ್ವರ ಕಲಿತ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ. ಎ. ಎಸ್. ಮಣಿ ಮತ್ತು ಆರ್. ಎ. ರಮಾಮಣಿಯವರೊಡನೆ ಸೇರಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ತಂದ. ಅಲ್ಲಿ ಪಿಯಾನೊ ಇಲ್ಲ, ಗುಚ್ಛಗಳ ನಡೆಯಿಲ್ಲ. ಗುಚ್ಛಗಳ ಚಕ್ರವ್ಯೂಹದಲ್ಲಿ ಪಳಗಿದ ವಾದಕ ಒಂದೇ ಷಡ್ಜದ ಮೇಲೆ ನಿಂತು ಆಲಿಸುತ್ತಿದ್ದಾನೆ. ನಮ್ಮ ಕಿವಿ ಅತ್ತ ಹೋಗಲು ಪಡುವ ಕಷ್ಟವನ್ನೇ ಅವನ ಕಿವಿ ಇತ್ತ ಬರಲು ಪಟ್ಟಿರಬೇಕು.

ಈಗ ಕಲಿಯುವವರಿಗೆ ಪುಸ್ತಕಗಳಿವೆ. ಜಾನ್ ಮೆಹೆಗನ್ 1959ರಿಂದ ಕೆಲವೇ ವರ್ಷಗಳಲ್ಲಿ ನಾಲ್ಕು ಸಂಪುಟಗಳಲ್ಲಿ ಈ ವಿದ್ಯೆಯನ್ನು ಅಂಕಿಗಳಿಗೆ ಇಳಿಸಿದ; ಮಾರ್ಕ್ ಲೆವಿನ್‌ನ ಜಾಝ್ ಪಿಯಾನೊ ಪುಸ್ತಕ 1989ರಲ್ಲಿ ಬಂತು. 1970ರ ದಶಕದ ನಡುವಣ ವರ್ಷಗಳಲ್ಲಿ ಬಾಸ್ಟನ್ನಿನ ವಿದ್ಯಾರ್ಥಿಗಳು ಹಾಡುಗಳ ನಡೆಗಳನ್ನೆಲ್ಲ ಕೈಬರಹದಲ್ಲಿ ಸಂಗ್ರಹಿಸಿ, ಯಾರ ಅನುಮತಿಯೂ ಇಲ್ಲದೆ ಪ್ರತಿ ಮಾಡಿ ಹಂಚಿದ ‘ರಿಯಲ್ ಬುಕ್’ ಇಂದು ಜಗತ್ತಿನೆಲ್ಲೆಡೆ ಇದೆ. ವರ್ಗಾವಣೆಯ ನೌಕರಿಯವರು ಮನೆಗೆ ಪಿಯಾನೊ ತರಲಾರರು. 61 ಕೀಲಿಗಳ ಕೀಬೋರ್ಡ್ ಸಾಕು. ಅಭ್ಯಾಸದ ಕ್ರಮಕ್ಕೆ ಈ ಚರಿತ್ರೆಯ ಕ್ರಮವೇ ಒಳ್ಳೆಯ ಗುರು: ಮೊದಲು ಬ್ಲೂಸಿನ ಸ–ಮ–ಪ, ಬಳಿಕ ‘ಎರಡು–ಐದು–ಒಂದು’ವಿನ ಪವೆಲ್ ತೊಗಟೆ, ಅದು ಹನ್ನೆರಡು ಶ್ರುತಿಗಳಲ್ಲೂ ಕೈಗೆ ಹತ್ತಿದ ಮೇಲೆ ಇವಾನ್ಸ್‌ನ ಮೂಲಸ್ವರವಿಲ್ಲದ ಗುಚ್ಛಗಳು, ಕೊನೆಗೆ ಮಧ್ಯಮಾಂತರದ ಪೇರಿಕೆ. ಮೂರನೆಯ ಹಂತದಲ್ಲಿ ಒಂಟಿಯಾಗಿ ಕೂತವನಿಗೆ ಗುಚ್ಛಗಳು ತೇಲಿದಂತೆ, ಅರ್ಥ ಕೆಟ್ಟಂತೆ ಕೇಳಿಸುವುದು ಸಹಜ. ಆಗ ಮೂಲಸ್ವರವನ್ನು ಬಾಯಲ್ಲಿ ಹಾಡಿಕೊಳ್ಳಬೇಕು: ರಿ, ಪ, ಸ. ಹಾಗೆ ಕೆಲವು ವಾರ ಹಾಡಿದ ಮೇಲೆ ಬಾಯಿ ಮುಚ್ಚಿದರೂ ಆ ಸ್ವರ ಕೇಳಿಸುತ್ತದೆ. ಯಾರೂ ನುಡಿಸದ ಮೂಲಸ್ವರವನ್ನು ಕೇಳಿಸಿಕೊಳ್ಳುವ ಕಿವಿ ಹುಟ್ಟಿದ ಮೇಲೆಯೇ ಎಡಗೈ ಅದನ್ನು ಬಿಡುವುದು ಸರಿ.